ಕೋಳಿಯ ಮೇಲೇಕೆ ಸಿಟ್ಟು?

“ಮಗಳು ಐದನೇ ಕ್ಲಾಸು. ಹತ್ತು ವರ್ಷ ಎಂಟು ತಿಂಗಳಿಗೇ ದೊಡ್ಡವಳಾದಳು. ನಾನು ಆಗಿದ್ದು ಹದಿಮೂರಕ್ಕೆ, ನಮ್ಮ ಅತ್ತೆ ಹದಿನೈದಕ್ಕಂತೆ. ಎಲ್ಲ ಫಾರಂ ಕೋಳಿಯ ಕಿತಾಪತಿ, ಅದಕ್ಕೆ ಹಾರ್ಮೋನ್ ಚುಚ್ಚುತ್ತಾರೆ ಅಂತ ಅತ್ತೆ ಭಾನುವಾರದ ಸಾರನ್ನೇ ನಿಲ್ಲಿಸಿದ್ದಾರೆ. ನಿಜವಾ?” ಹಾಸನದ ಕಡೆಯ ಓದುಗರೊಬ್ಬರ ಪ್ರಶ್ನೆ ಇದು.

ಕೋಳಿಯ ವಿಚಾರ ಮೊದಲು ಮುಗಿಸೋಣ. ಫಾರಂ ಕೋಳಿ ಆರು ವಾರಕ್ಕೆ ಎರಡು ಕೆಜಿ ತೂಗುವುದು ದಶಕಗಳ ತಳಿ ಆಯ್ಕೆಯಿಂದ ಮತ್ತು ಮೇವಿನಿಂದ. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನು. ಅದನ್ನು ಸಾವಿರಾರು ಕೋಳಿಗಳಿಗೆ ಮತ್ತೆ ಮತ್ತೆ ಚುಚ್ಚುತ್ತ ಕೂತರೆ ಮಾಲೀಕ ದಿವಾಳಿ ಏಳಬೇಕಾಗುತ್ತದೆ. ಹಾಗೂ ಚುಚ್ಚಿದನೆಂದೇ ಇಟ್ಟುಕೊಳ್ಳಿ, ಬೆಂದು ಹೊಟ್ಟೆಗೆ ಬಿದ್ದ ಮೇಲೆ ಅದೂ ತೊಗರಿಬೇಳೆಯ ಪ್ರೋಟೀನಿನ ಹಾಗೇ ಅರಗಿಹೋಗುತ್ತದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ನುಂಗದೆ ಚುಚ್ಚಿಕೊಳ್ಳುವುದು ಇದೇ ಕಾರಣಕ್ಕೆ. ಫಾರಂ ಕೋಳಿಯನ್ನು ಬೈಯಲೇಬೇಕೆಂದಿದ್ದರೆ ಅದಕ್ಕೆ ತಿನ್ನಿಸುವ ಆಂಟಿಬಯಾಟಿಕ್‌ಗಳಿಗೆ ಬೈಯಿರಿ. ಅದು ಬೇರೆ ಕತೆ. ಕೋಳಿಯ ವಾಸನೆಯನ್ನೂ ಕಾಣದ ಮನೆಗಳ ಹುಡುಗಿಯರೂ ಹತ್ತು ಹನ್ನೊಂದಕ್ಕೆ ಮೈನೆರೆಯುತ್ತಿದ್ದಾರಲ್ಲ, ಅವರ ಅಜ್ಜಿಯರು ಯಾರನ್ನು ದೂರಬೇಕು?

ಹಿಂದೆಲ್ಲ ತಡವಾಗಿ ಆಗುತ್ತಿತ್ತು ಎಂಬ ಮಾತನ್ನೂ ಸ್ವಲ್ಪ ಕೆದಕಬೇಕು. ಸುಶ್ರುತ ಸಂಹಿತೆ ಮುಟ್ಟು ಶುರುವಾಗಲು ಹೇಳುವ ವಯಸ್ಸು ಹನ್ನೆರಡು, ನಿಲ್ಲಲು ಐವತ್ತು. ಇವತ್ತಿನ ಡಾಕ್ಟರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಾರೆ. ಅದೇ 19ನೇ ಶತಮಾನದ ನಡುವಿನ ನಾರ್ವೆಯಲ್ಲಿ ಸರಾಸರಿ ವಯಸ್ಸು 16ರ ಆಸುಪಾಸು ಇತ್ತು. ನೂರು ವರ್ಷದಲ್ಲಿ ಅದು 13ರ ಹತ್ತಿರಕ್ಕೆ ಇಳಿಯಿತು. ಬದಲಾಗಿದ್ದು ತಟ್ಟೆಯಲ್ಲಿದ್ದ ಅನ್ನ ಮತ್ತು ಮಕ್ಕಳನ್ನು ಹಿಂಡುತ್ತಿದ್ದ ಕಾಯಿಲೆಗಳು. ಅಂದರೆ ಹದಿನಾರು ಎಂಬುದು ಸಂಯಮದ ಗುರುತಲ್ಲ, ಹಸಿವಿನ ಗುರುತು.

ನಮ್ಮ ದೇಶದಲ್ಲಿ ಇಳಿಕೆ ಇನ್ನೂ ನಿಧಾನ. ದೊಡ್ಡ ಸಮೀಕ್ಷೆಯೊಂದರ ಲೆಕ್ಕ ದಶಕಕ್ಕೆ ಸುಮಾರು ಒಂದು ತಿಂಗಳು ಎನ್ನುತ್ತದೆ. ಅತ್ತೆಗೆ ಹದಿನೈದು, ಸೊಸೆಗೆ ಹದಿಮೂರು, ಮೊಮ್ಮಗಳಿಗೆ ಹತ್ತೂಮುಕ್ಕಾಲು ಎಂಬುದು ಒಂದು ಮನೆಯ ಸಂಗತಿಯೇ ಹೊರತು ನಾಡಿನ ಅಂಕಿಅಂಶ ಅಲ್ಲ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ದೇಹಕ್ಕೆ ‘ಹೊತ್ತಾಯಿತು’ ಎಂದು ಹೇಳುವವರು ಯಾರು?

ಹಳ್ಳಿ ಶಾಲೆಗಳಲ್ಲಿ ಗಂಟೆಯ ಬದಲು ತೂಗುಹಾಕಿದ ರೈಲು ಕಂಬಿಯ ತುಂಡು ನೆನಪಿದೆಯೇ? ಪೀರಿಯಡ್ಡಿಗೊಮ್ಮೆ ಜವಾನ ಬಂದು ಠಣ್ ಎಂದು ಬಾರಿಸಿದರೆ ಮೇಷ್ಟ್ರು ಬದಲಾಗುತ್ತಿದ್ದರು. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ಸಿನಲ್ಲೂ ಇಂಥದೊಂದು ಕಂಬಿ ಇದೆ. ಅದರ ಸದ್ದಿನ ಹೆಸರು ಜಿಎನ್‌ಆರ್‌ಎಚ್, ಹತ್ತೇ ಅಮೈನೊ ಆಮ್ಲಗಳ ಪುಟ್ಟ ಸರ. ಇದರ ರಚನೆ ಬಿಡಿಸಲು ಆಂಡ್ರ್ಯೂ ಶಾಲಿ ಕಸಾಯಿಖಾನೆಗಳಿಂದ ಹಂದಿಯ ಮಿದುಳಿನ ಚೂರುಗಳನ್ನು, ರೋಜೆ ಗಿಯ್ಮೆ ಕುರಿಯವನ್ನು ಲಕ್ಷಗಟ್ಟಲೆ ತರಿಸಿಕೊಂಡರು. ಇಬ್ಬರದೂ ಹಠದ ಪೈಪೋಟಿ. 1971ರಲ್ಲಿ ರಚನೆ ಸಿಕ್ಕಿತು, 1977ರಲ್ಲಿ ಇಬ್ಬರಿಗೂ ನೊಬೆಲ್.

ಸೊಗಸು ಇರುವುದು ಅದರ ನಂತರ. ಪಿಟ್ಸ್‌ಬರ್ಗಿನ ಅರ್ನ್‌ಸ್ಟ್ ನೋಬಿಲ್ ತಂಡ ಈ ಹಾರ್ಮೋನನ್ನು ಕೋತಿಗಳಿಗೆ ಒಂದೇ ಸಮನೆ ಕೊಟ್ಟು ನೋಡಿತು. ಅಂಡಾಶಯವನ್ನು ಎಬ್ಬಿಸಬೇಕಾದ ಪಿಟ್ಯುಟರಿ ಗ್ರಂಥಿ ಮೌನವಾಯಿತು. ಗಂಟೆಗೊಮ್ಮೆ ಕೆಲವೇ ನಿಮಿಷ ಕೊಟ್ಟಾಗ ಎಲ್ಲ ಸರಿಹೋಯಿತು. ಜವಾನ ಕಂಬಿಯನ್ನು ಬಿಡದೆ ಬಡಿಯುತ್ತಲೇ ಇದ್ದರೆ ಯಾವ ಮೇಷ್ಟ್ರು ತಾನೇ ಕಿವಿಗೊಟ್ಟಾರು? 1980ರಲ್ಲಿ ಅದೇ ತಂಡ ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣು ಕೋತಿಮರಿಗಳಿಗೆ ಗಂಟೆಗೊಮ್ಮೆ ‘ಬಾರಿಸಿ’ ನೋಡಿತು. ಮರಿಗಳು ಮುಟ್ಟಾದವು. ಬಾರಿಸುವುದನ್ನು ನಿಲ್ಲಿಸಿದರು, ಅವು ತಿರುಗಿ ಮಕ್ಕಳಾದವು! ಅಂದರೆ ಗ್ರಂಥಿ, ಅಂಡಾಶಯ, ಗರ್ಭಕೋಶ ಎಲ್ಲವೂ ಸಿದ್ಧವಾಗಿಯೇ ಕೂತಿರುತ್ತವೆ, ಕಾಯುತ್ತಿರುವುದು ಸದ್ದಿಗೆ ಮಾತ್ರ. ಹುಟ್ಟಿದ ಮೊದಲ ಕೆಲವು ತಿಂಗಳು ಈ ಕಂಬಿ ಮೊಳಗಿರುತ್ತದೆ ಕೂಡ. ಆಮೇಲೆ ವರ್ಷಗಟ್ಟಲೆ ರಜೆ.

ಆ ರಜೆ ಮುಗಿಸುವ ಕೈ ಯಾವುದು? ಸುಳಿವು ಬಂದದ್ದು ಚಾಕೊಲೇಟಿನ ಊರಿಂದ. ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಶೀಯಲ್ಲಿ 1996ರಲ್ಲಿ ಕ್ಯಾನ್ಸರ್ ಹರಡುವುದನ್ನು ತಡೆಯುವ ವಂಶವಾಹಿಯೊಂದು ಸಿಕ್ಕಿತು. ಊರಿನ ಹೆಸರಾಂತ ಮಿಠಾಯಿ ‘ಕಿಸ್’ ನೆನಪಿಗೆ ಅದಕ್ಕೂ ಕಿಸ್ ಎಂದು ಹೆಸರಿಟ್ಟರು. 2003ರಲ್ಲಿ ಪ್ಯಾರಿಸ್ ಮತ್ತು ಬಾಸ್ಟನ್‌ನ ಎರಡು ತಂಡಗಳು, ಎಷ್ಟು ವಯಸ್ಸಾದರೂ ಪ್ರಾಯಕ್ಕೇ ಬಾರದ ಜನರಿದ್ದ ಕುಟುಂಬಗಳನ್ನು ಪರೀಕ್ಷಿಸಿದವು. ಕೆಟ್ಟಿದ್ದದ್ದು ಅದೇ ಕಿಸ್ ವಂಶವಾಹಿ ತಯಾರಿಸುವ ಕಿಸ್ಪೆಪ್ಟಿನ್ ಎಂಬ ಪ್ರೋಟೀನಿನ ಸಂದೇಶ ಹಿಡಿಯುವ ಗ್ರಾಹಕ. ಕಂಬಿ ಬಾರಿಸುವ ಕೈ ಈ ಕಿಸ್ಪೆಪ್ಟಿನ್ನೇ. ಬಾಸ್ಟನ್ ತಂಡ ನೋಡಿದ್ದು ಸೌದಿ ಅರೇಬಿಯಾದ ಕುಟುಂಬ, ಅಲ್ಲಿ ಒಳಸಂಬಂಧದ ಮದುವೆಗಳು. ಸೋದರಮಾವನಿಗೇ ಕೊಟ್ಟು ಮದುವೆ ಮಾಡುತ್ತಿದ್ದ ನಮ್ಮವರಿಗೆ ಇದು ಅರ್ಥವಾದೀತು: ಹೀಗೆ ಅಡಗಿ ಕೂತ ವಂಶವಾಹಿ ದೋಷಗಳು ಅಂಥ ಮದುವೆಗಳಲ್ಲಿ ಹೊರಬೀಳುವ ಸಾಧ್ಯತೆ ಹೆಚ್ಚು.

ಬಾರಿಸುವ ಕೈಗೆ ಅಪ್ಪಣೆ ಕೊಡುವ ಮುನ್ನ ದೇಹ ಉಗ್ರಾಣವನ್ನೂ ನೋಡುತ್ತದೆ. ಹಾರ್ವರ್ಡಿನ ರೋಸ್ ಫ್ರಿಶ್ 1970ರಲ್ಲಿ, ಹುಡುಗಿಯ ತೂಕ ಸುಮಾರು 47 ಕೆಜಿ ಮುಟ್ಟಿದಾಗ ಮುಟ್ಟು ಶುರುವಾಗುತ್ತದೆ ಎಂದರು. ಆ ಒಂದೇ ಅಂಕಿ ನಿಲ್ಲಲಿಲ್ಲ, ಆದರೆ ಯೋಚನೆಯ ಜಾಡು ಸರಿ ಇತ್ತು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಕಂಡುಹಿಡಿಯಿತು. ಕೊಬ್ಬಿನ ಕೋಶಗಳು ಮಿದುಳಿಗೆ ಕಳಿಸುವ ದಾಸ್ತಾನು ವರದಿ ಅದು. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದವರು ಸಾಮಾನ್ಯವಾಗಿ ತಾವಾಗಿ ಪ್ರಾಯಕ್ಕೆ ಬರುವುದಿಲ್ಲ. ನಮ್ಮಲ್ಲಿ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿ, ಒಳಗೆ ಕೂರಿಸಿದ ಹುಡುಗಿಗೆ ಕೊಬ್ಬರಿ, ಬೆಲ್ಲ, ತುಪ್ಪ ತಿನ್ನಿಸುವುದು ಮೈನೆರೆದ ಮೇಲೆ. ದೇಹ ಅದನ್ನು ಮೊದಲೇ ಕೇಳಿರುತ್ತದೆ.

ಹಾಗಾಗಿ ಉಗ್ರಾಣ ಬೇಗ ತುಂಬಿದ ಮಕ್ಕಳಲ್ಲಿ ಕಂಬಿಯೂ ಬೇಗ ಮೊಳಗುವುದು ಆಶ್ಚರ್ಯವಲ್ಲ. ಪ್ಲಾಸ್ಟಿಕ್ಕು, ಸೆಂಟು, ಕೀಟನಾಶಕಗಳ ಮೇಲೂ ಗುಮಾನಿ ಇದೆ, ಆದರೆ ಪುರಾವೆ ಗಟ್ಟಿ ಇರುವುದು ಬೊಜ್ಜಿನ ಕಡೆಗೆ. 2020ರ ಲಾಕ್‌ಡೌನಿನಲ್ಲಿ ಇಟಲಿಯ ಮಕ್ಕಳ ವೈದ್ಯರು ಅಕಾಲ ಪ್ರಾಯದ ಹುಡುಗಿಯರು ಒಮ್ಮೆಲೇ ಹೆಚ್ಚಿದ್ದನ್ನು ದಾಖಲಿಸಿದರು. ಅಷ್ಟು ಬೇಗ ಕೋಳಿಗಳೇನೂ ಬದಲಾಗಿರಲಿಲ್ಲ, ಮಕ್ಕಳ ಓಡಾಟ ನಿಂತಿತ್ತು.

ಇನ್ನು ಪತ್ರ ಬರೆದ ತಾಯಿಗೆ. ಎದೆ ಮೂಡಲು ಶುರುವಾಗಿ ಎರಡು ಎರಡೂವರೆ ವರ್ಷಕ್ಕೆ ಮುಟ್ಟು ಬರುವುದು ವಾಡಿಕೆ. ನಿಮ್ಮ ಮಗಳದು ಸ್ವಲ್ಪ ಬೇಗ ಇರಬಹುದು, ಕಾಯಿಲೆ ಅಲ್ಲ. ಎಂಟು ತುಂಬುವ ಮೊದಲೇ ಎದೆ ಮೂಡಿದರೆ ಮಾತ್ರ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಅಗತ್ಯ ಬಿದ್ದರೆ ಅವರು ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್ ಕೊಡುತ್ತಾರೆ. ಒಳಗಿರುವುದು ಜಿಎನ್‌ಆರ್‌ಎಚ್‌ನದೇ ತಮ್ಮ. ಬಿಡದೆ ಬಡಿದು ಬಡಿದು ಪಿಟ್ಯುಟರಿಯನ್ನು ಕಿವುಡಾಗಿಸುವುದೇ ಅದರ ಕೆಲಸ, ನೋಬಿಲ್ ಕೋತಿಗಳಿಂದ ಕಲಿತ ಪಾಠ. ನಿಮಗೆ ಅದರ ಗೊಡವೆ ಬೇಡ. ಮಗಳನ್ನು ಸಂಜೆ ಆಡಲು ಬಿಡಿ, ಅವಳಿಗೆ ತಂಗಿ ಇದ್ದರೆ ಅವಳಿಗೆ ಒಂಬತ್ತಕ್ಕೇ ವಿಷಯ ತಿಳಿಸಿಡಿ, ಭಾನುವಾರದ ಸಾರನ್ನು ಅತ್ತೆಯವರಿಂದಲೇ ಮಾಡಿಸಿ.