ಮಚ್ಚೆ ತೆಗೆಸಿದ ಮೇಲೆ ಕಲೆ ಉಳಿಯದಿರಲಿ

ಮಚ್ಚೆ ಯಾರಿಗಿಲ್ಲ? ಮುಖದ ಮೇಲೆ, ಬೆನ್ನ ಮೇಲೆ ಒಂದೆರಡು ಇದ್ದೇ ಇರುತ್ತೆ. ಹೆಚ್ಚಿನ ಮಚ್ಚೆಗಳಿಂದ ಯಾವ ತೊಂದರೆಯೂ ಇಲ್ಲ. ತೆಗೆಸಲೇಬೇಕು ಅಂತಲೂ ಇಲ್ಲ.

ಆದರೆ ಹುಡುಗಿಗೆ ಮದುವೆ ಗೊತ್ತಾದರೆ ಸಾಕು, ಅವಳ ಮುಖದ ಮಚ್ಚೆ ಎಲ್ಲರ ಕಣ್ಣಿಗೂ ಬೀಳುತ್ತೆ. "ಸುಣ್ಣ, ಸೋಡಾ ಕಲಸಿ ಹಚ್ಚು, ಉದುರಿ ಹೋಗುತ್ತೆ" ಅಂತಾರೆ ಒಬ್ಬರು. "ಊದುಬತ್ತಿಯಿಂದ ಸುಡು" ಅಂತಾರೆ ಇನ್ನೊಬ್ಬರು. ಮಚ್ಚೆ ಹೋಗಬಹುದು. ಆದರೆ ಅದಕ್ಕಿಂತ ದೊಡ್ಡ ಕಲೆ ಅಲ್ಲಿ ಬಂದು ಕೂರುತ್ತೆ.

ಕಲೆ ಯಾಕೆ ಆಗುತ್ತೆ?

ನಮ್ಮ ಚರ್ಮಕ್ಕೆ ಮುಖ್ಯವಾಗಿ ಎರಡು ಪದರ. ಮೇಲಿನದು ತೆಳು, ಕೆಳಗಿನದು ದಪ್ಪ. ಮೇಲಿನ ಪದರ ಮಾತ್ರ ತರಚಿದರೆ ಕಲೆ ಇಲ್ಲದೆ ಮಾಯುತ್ತೆ. ಗಾಯ ಕೆಳಗಿನ ಪದರಕ್ಕೆ ಇಳಿದರೆ ದೇಹ ಅಲ್ಲಿ ಹೊಸ ನಾರು ಹಾಕಿ ತೇಪೆ ಹಚ್ಚುತ್ತೆ. ಆ ತೇಪೆಯೇ ಕಲೆ. ಸುಣ್ಣ, ಸೋಡಾ ಎಷ್ಟು ಆಳಕ್ಕೆ ಸುಡುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ.

ಡಾಕ್ಟರೇ ಯಾಕೆ ಬೇಕು?

ಡಾಕ್ಟರು ಬೇಕಾದಷ್ಟನ್ನೇ ತೆಗೆಯುತ್ತಾರೆ. ಕಲೆ ಚಿಕ್ಕದಾಗುತ್ತೆ. ಇನ್ನೊಂದು ದೊಡ್ಡ ಕಾರಣವೂ ಇದೆ. ಮಚ್ಚೆ ಬೆಳೆಯುತ್ತಿದ್ದರೆ, ಬಣ್ಣ ಬದಲಾದರೆ, ರಕ್ತ ಒಸರಿದರೆ ತಡ ಮಾಡಬಾರದು. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರಬಹುದು. ಅಂಗಾಲು, ಅಂಗೈ, ಉಗುರಿನ ಕೆಳಗೂ ಅದು ಬರುತ್ತೆ. ತೆಗೆದ ಚೂರನ್ನು ಪರೀಕ್ಷೆ ಮಾಡಿದರೆ ಗೊತ್ತಾಗುತ್ತೆ. ಮನೆಯಲ್ಲಿ ಸುಟ್ಟರೆ ಪರೀಕ್ಷೆಗೆ ಏನೂ ಉಳಿಯೋದಿಲ್ಲ. ಮೇಲೆ ಗಾಯ ಮಾಯ್ದರೂ ಒಳಗೆ ರೋಗ ಬೆಳೆಯಬಹುದು.

ತೆಗೆಸಿದ ಮೇಲೆ ಏನು ಮಾಡೋಣ?

ಮೊದಲ ದಿನ ಪಟ್ಟಿ ಬಿಚ್ಚಬೇಡಿ, ನೆನೆಸಬೇಡಿ. ಆಮೇಲೆ ಡಾಕ್ಟರು ಹೇಳಿದಂತೆ ದಿನಾ ಸೋಪು ನೀರಿನಿಂದ ಮೆಲ್ಲಗೆ ತೊಳೆಯಿರಿ. ಶುಭ್ರ ಬಟ್ಟೆಯಿಂದ ಒತ್ತಿ. ತೆಳುವಾಗಿ ವ್ಯಾಸಲೀನ್ ಹಚ್ಚಿ, ಹೊಸ ಪಟ್ಟಿ ಹಾಕಿ. "ಗಾಯ ಗಾಳಿಗೆ ಒಣಗಬೇಕು" ಅನ್ನೋದು ಸರಿಯಲ್ಲ. ತೇವ ಇದ್ದರೆ ಗಾಯ ಬೇಗ ಮಾಯುತ್ತೆ, ದಪ್ಪ ಹಕ್ಕಳೆ ಕಟ್ಟೋದಿಲ್ಲ. ಕಟ್ಟಿದರೂ ಕೀಳಬೇಡಿ.

ಬೂದಿ, ಸಗಣಿ, ಕಾಫಿಪುಡಿ ಹಚ್ಚಲೇಬೇಡಿ. ಕೀವು ಆಗುತ್ತೆ. ಬೂದಿ, ಸಗಣಿಯಿಂದ ಧನುರ್ವಾಯು ಕೂಡ ಬರಬಹುದು. ಕೀವಾದ ಗಾಯದ ಕಲೆ ದೊಡ್ಡದು. ಕೆಂಪಾಗಿ ಊದಿ ನೋವು ಹೆಚ್ಚಿದರೆ, ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಹೊಲಿಗೆ ಹಾಕಿದ್ದರೆ ಸಾಮಾನ್ಯವಾಗಿ ಮುಖದ್ದನ್ನು 5ರಿಂದ 7 ದಿನಕ್ಕೆ, ಬೆನ್ನು, ಕೈಕಾಲಿನದನ್ನು 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ತಡವಾದರೆ ದಾರದ ಗುರುತು ಉಳಿಯುತ್ತೆ. ತಾರೀಕನ್ನು ಚೀಟಿಯಲ್ಲಿ ಬರೆಸಿಕೊಳ್ಳೋಣ. ಈಗ ನಮಗೆ ಓದಲು ಬರುತ್ತಲ್ಲ!

ಹೊಲಿಗೆ ಬಿಚ್ಚಿದ ತಕ್ಷಣ ಚರ್ಮ ಗಟ್ಟಿಯಾಗಿರೋದಿಲ್ಲ. ಎರಡು ವಾರಕ್ಕೆ ಮೊದಲಿನ ಬಲದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಬಂದಿರುತ್ತೆ. ಬೆನ್ನು, ಭುಜದ ಮಚ್ಚೆ ತೆಗೆಸಿದವರು ಹುಲ್ಲಿನ ಹೊರೆ, ನೀರಿನ ಕೊಡ ಹೊತ್ತರೆ ಗಾಯ ಎಳೆದು ಕಲೆ ಅಗಲವಾಗುತ್ತೆ. ಕೆಲವು ವಾರ ಆ ಕೆಲಸವನ್ನು ಮನೆಯ ಬೇರೆಯವರು ಮಾಡಲಿ.

ಬಿಸಿಲು ಬಿದ್ದರೆ ಹೊಸ ಚರ್ಮ ಕಪ್ಪಾಗುತ್ತೆ. ಕೆಲವು ತಿಂಗಳು ಸೆರಗು, ಟವೆಲ್, ಕೊಡೆಯಿಂದ ಮರೆ ಮಾಡಿ. ಬೀಡಿ, ಸಿಗರೇಟಿನಿಂದ ಗಾಯ ಮಾಯುವುದು ನಿಧಾನ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ. "ಬೇಳೆ, ಬದನೆಕಾಯಿ ನಂಜು" ಅಂತ ಊಟ ಬಿಡಬೇಡಿ. ಬೇಳೆ, ಸೊಪ್ಪು, ಮೊಟ್ಟೆ ತಿಂದರೇ ಹೊಸ ಚರ್ಮ ಬರೋದು.

ಉಬ್ಬು ಕಲೆ

ಕಿವಿ ಚುಚ್ಚಿಸಿದ ಕಡೆ ಕೆಲವರಿಗೆ ಗಂಟು ಏಳುತ್ತೆ. ಇದು ಕೆಲವು ಮನೆತನಗಳಲ್ಲಿ ಹೆಚ್ಚು. ಅಂಥವರು ಮಚ್ಚೆ ತೆಗೆಸುವ ಮೊದಲೇ ಡಾಕ್ಟರಿಗೆ ಹೇಳಬೇಕು. ಎದೆ, ಭುಜದ ಮೇಲೆ ಹೀಗಾಗುವುದು ಹೆಚ್ಚು. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಪಟ್ಟಿಯನ್ನು ದಿನಾ 12 ಗಂಟೆಗೂ ಹೆಚ್ಚು ಹೊತ್ತು, ಎರಡು ಮೂರು ತಿಂಗಳು ಹಾಕಿದರೆ ಉಬ್ಬು ತಗ್ಗಬಹುದು.

ಕಲೆ ಪೂರ್ತಿ ಮಸುಕಾಗಲು ಒಂದು ವರ್ಷವೂ ಬೇಕಾಗಬಹುದು. ಅವಸರ ಬೇಡ. ಮದುವೆಗೆ ವಾರ ಇರುವಾಗ ಮಚ್ಚೆಗೆ ಕೈ ಹಾಕುವುದಕ್ಕಿಂತ, ಅದು ಇದ್ದಲ್ಲೇ ಇರಲಿ ಬಿಡಿ. ಮಚ್ಚೆ ಇದ್ದ ಮುಖವೂ ಚೆಂದವೇ.