ಉಪ್ಪು ಬೆವರು, ಅಂಟು ಕಫ

ಮಣಲಿಯಲ್ಲಿ ಮಗುವೊಂದು ಕೆಮ್ಮಿದರೆ ನಾವು ಮೊದಲು ಕಾರ್ಖಾನೆಗಳ ಹೊಗೆಯನ್ನು ಬೈಯುತ್ತೇವೆ. ಕೆಮ್ಮು ಬಿಡದಿದ್ದರೆ ಕ್ಷಯವೇನೋ ಎಂದು ಅಂಜುತ್ತೇವೆ. ಅಂಜುವುದು ತಪ್ಪಲ್ಲ. ಆದರೆ ಮೂರನೆಯ ಕಾರಣವೊಂದಿದೆ; ಅಪರೂಪದ್ದು, ಆದುದರಿಂದಲೇ ನಮ್ಮ ದೇಶದಲ್ಲಿ ಎಷ್ಟೋ ವೇಳೆ ಗುರುತು ಸಿಗದೆ ಹೋಗುವಂಥದು. ಅದರ ಹೆಸರು ಸಿಸ್ಟಿಕ್ ಫೈಬ್ರೋಸಿಸ್.

ಇದು ಅಂಟುರೋಗವಲ್ಲ. ತಂದೆತಾಯಿಗಳಿಬ್ಬರಿಂದಲೂ ದೋಷವುಳ್ಳ ಒಂದೊಂದು ಜೀನು ಬಂದಾಗ ಹುಟ್ಟಿನೊಡನೆಯೇ ಬರುತ್ತದೆ. ದೇಹದಲ್ಲಿ ಉಪ್ಪು ನೀರಿನ ಹದ ತಪ್ಪಿ, ಶ್ವಾಸಕೋಶದ ಕಫ ಗೋಂದಿನಂತೆ ಗಟ್ಟಿಯಾಗುತ್ತದೆ. ಆರೋಗ್ಯವಂತರ ಕಫ ಧೂಳನ್ನೂ ಕ್ರಿಮಿಗಳನ್ನೂ ಹೊತ್ತು ಹೊರಕ್ಕೆ ಸಾಗಿಸುತ್ತದೆ. ಇವರದು ನಿಂತ ನೀರಿದ್ದಂತೆ. ಅಲ್ಲಿ ಸ್ಯೂಡೋಮೋನಾಸ್ ಎಂಬ ಕ್ರಿಮಿ ಬೀಡುಬಿಡುತ್ತದೆ. ಮಣ್ಣಿನಲ್ಲೂ ಬಚ್ಚಲ ತೇವದಲ್ಲೂ ಇರುವ ಈ ಕ್ರಿಮಿ ನಮಗೆ ನಿಮಗೆ ಸಾಮಾನ್ಯವಾಗಿ ಏನೂ ಮಾಡದು. ಆ ಮಕ್ಕಳ ಶ್ವಾಸಕೋಶವನ್ನು ಮಾತ್ರ ವರ್ಷಗಟ್ಟಲೆ ಸವೆಸುತ್ತದೆ. ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೂ ಅದು ದಾಟಬಲ್ಲದು. ಆದಕಾರಣ ಒಂದೇ ಕಷ್ಟವುಂಡ ಇಬ್ಬರು ಮಕ್ಕಳು ಒಂದೇ ಬೆಂಚಿನ ಮೇಲೆ ಕೂಡಲಾಗದು!

ಚುಚ್ಚುಮದ್ದು ಕೊಟ್ಟರೆ ಕಫದೊಳಕ್ಕೆ ಇಳಿಯುವುದು ಅಲ್ಪ; ಪ್ರಮಾಣ ಹೆಚ್ಚಿಸಿದರೆ ಕಿವಿಗೂ ಮೂತ್ರಪಿಂಡಕ್ಕೂ ಕೇಡು. ಔಷಧವನ್ನು ಮಂಜಿನಂತೆ ಮಾಡಿ ಉಸಿರಿನೊಡನೆ ಎಳೆದುಕೊಂಡರೆ? ಈ ಸಂಶೋಧನೆಗೆ ಬೆಂಬಲವಾಗಿ ನಿಂತದ್ದು, 1955ರಲ್ಲಿ ಅಮೆರಿಕದಲ್ಲಿ ರೋಗಿಗಳ ತಂದೆತಾಯಿಗಳು ಕೂಡಿ ಕಟ್ಟಿದ ಸಿಸ್ಟಿಕ್ ಫೈಬ್ರೋಸಿಸ್ ಫೌಂಡೇಶನ್. ಉಸಿರಿನಲ್ಲಿ ಎಳೆಯುವ ಟೋಬ್ರಾಮೈಸಿನ್‌ಗೆ 1997ರಲ್ಲಿ ಆ ದೇಶದ ಸರಕಾರ ಒಪ್ಪಿಗೆಯಿತ್ತಿತು.

ಅದರ ಹಿಂದಿದ್ದುದು ಚಂದಾ ಹಣ. ಮೂವರು ಗಂಡುಮಕ್ಕಳಿಗೂ ಈ ರೋಗವಿದ್ದ ಮೇರಿ ವೈಸ್ ಎಂಬ ತಾಯಿ 1965ರಲ್ಲಿ ಸಂಘಸಂಸ್ಥೆಗಳಿಗೆಲ್ಲ ದೂರವಾಣಿ ಮಾಡಿ ಹಣ ಬೇಡುತ್ತಿದ್ದರು. ರೋಗದ ಹೆಸರನ್ನು ತಪ್ಪಾಗಿ ಕೇಳಿಸಿಕೊಂಡ ನಾಲ್ಕು ವರ್ಷದ ಮಗ, ಅಮ್ಮ 'ಸಿಕ್ಸ್ಟಿ ಫೈವ್ ರೋಸಸ್'ಗಾಗಿ, ಎಂದರೆ ಅರವತ್ತೈದು ಗುಲಾಬಿಗಳಿಗಾಗಿ, ದುಡಿಯುತ್ತಿದ್ದಾಳೆಂದು ತಿಳಿದನಂತೆ. ರಾಜ್ಯೋತ್ಸವದ ಚಂದಾ ಪುಸ್ತಕ ಹಿಡಿದು ಮನೆಮನೆ ತಿರುಗಿದ ನಮಗೆ ಆ ತಾಯಿಯ ಕೆಲಸ ಎಂಥದೆಂದು ಗೊತ್ತು. ಈಚೆಗೆ, 2019ರಲ್ಲಿ, ಅದೇ ಸಂಸ್ಥೆಯ ನೆರವಿನಿಂದ ಬೆಳೆದ ಹೊಸ ಮಾತ್ರೆ ಬಂದಾಗ ಅದರ ಬೆಲೆ ವರ್ಷಕ್ಕೆ ಮೂರು ಲಕ್ಷ ಡಾಲರು ಮೀರಿತ್ತು. ಬಿಡಿಕಾಸಿನಿಂದ ಬೆಳೆದದ್ದಕ್ಕೆ ಇಷ್ಟು ಬೆಲೆಯೇ ಎಂದು ನಮಗೂ ಅನಿಸುತ್ತದೆ.

ನಮ್ಮ ಸೆಕೆಯೂರಿನಲ್ಲಿ ಇನ್ನೊಂದು ಅಪಾಯವುಂಟು. ಈ ಮಕ್ಕಳ ಬೆವರಿನಲ್ಲಿ ಉಪ್ಪು ವಿಪರೀತ ಹೋಗುವುದರಿಂದ ಬೇಸಗೆಯಲ್ಲಿ ಕೂಸು ಹಠಾತ್ತನೆ ಸೋತು ಬೀಳಬಹುದು. ಮುತ್ತಿಟ್ಟರೆ ಹಣೆ ಉಪ್ಪುಪ್ಪಾಗಿರುವುದು, ಚೆನ್ನಾಗಿ ಉಂಡರೂ ಮೈಹತ್ತದಿರುವುದು, ಜಿಡ್ಡಾದ ದುರ್ವಾಸನೆಯ ಮಲ, ಮರುಕಳಿಸುವ ನ್ಯುಮೋನಿಯ: ಇವು ಕೂಡಿ ಬಂದರೆ ವೈದ್ಯರನ್ನು ಬೆವರಿನ ಪರೀಕ್ಷೆಯ ಬಗ್ಗೆ ಕೇಳಿರಿ. ಸೂಜಿ ಚುಚ್ಚುವುದಿಲ್ಲ, ತೋಳಿನ ಮೇಲೆ ಬೆವರು ಬರಿಸಿ ಉಪ್ಪಿನಂಶ ಅಳೆಯುತ್ತಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಈ ರೋಗದ ಮಕ್ಕಳನ್ನು ನೋಡುವ ವೈದ್ಯರಿದ್ದಾರೆ. ಬೆಂಗಳೂರಿಗೆ ಹೋಗುವಾಗ ನಾವು ಕಾಫಿ ಕುಡಿಯುವ ಕಾಟ್ಪಾಡಿಯಲ್ಲೇ ಇಳಿಯಬೇಕು.