ಹೊಸ ನಗರದ ಅಂಗಳಕ್ಕೆ ಹಳೇ ನಗರದ ಕೊಳಚೆ

ಬೈರಮಂಗಲ ಕೆರೆಯಿಂದ ನೀರು ಧುಮುಕುವಲ್ಲಿ ಬಿಳಿ ನೊರೆ ಏಳುತ್ತದೆ. ಗಾಳಿ ಬೀಸಿದರೆ ಮುದ್ದೆಮುದ್ದೆಯಾಗಿ ಹಾರಿ ದಡದ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಹೊಲಗದ್ದೆಗೆ ನೀರುಣಿಸಲೆಂದು 1940ರ ದಶಕದಲ್ಲಿ ವೃಷಭಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಕೆರೆಯಿದು. ಈಗ ಅದಕ್ಕೆ ಬಂದು ಸೇರುವುದು ಬೆಂಗಳೂರಿನ ಬಚ್ಚಲ ನೀರು ಮತ್ತು ಕಾರ್ಖಾನೆಗಳ ತ್ಯಾಜ್ಯ.

ಇದೇ ಕೆರೆಯ ಸುತ್ತ ಹೊಸ ನಗರ ಕಟ್ಟಲು ಸರ್ಕಾರ ಹೊರಟಿದೆ. ಬಿಡದಿ ಉಪನಗರದ ಪ್ರಸ್ತಾಪ ಮೊದಲು ಬಂದದ್ದು 2006ರ ಹೊತ್ತಿಗೆ. ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ ಎಂದು ಆಗ ಐದು ಊರುಗಳ ಹೆಸರಿತ್ತು. ಯಾವುದೂ ಏಳಲಿಲ್ಲ. 2025ರಲ್ಲಿ ಬಿಡದಿ ಯೋಜನೆಗೆ ಮತ್ತೆ ಜೀವ ಬಂತು: ಒಂಬತ್ತು ಹಳ್ಳಿ, ಏಳು ಸಾವಿರಕ್ಕೂ ಹೆಚ್ಚು ಎಕರೆ, 'ಎಐ ಸಿಟಿ' ಎಂಬ ಹೊಸ ಹೆಸರು. ನಡುವಿನ ಇಷ್ಟೂ ವರ್ಷ ಇಲ್ಲಿನ ರೈತರು 'ರೆಡ್ ಝೋನ್', ಅಂದರೆ ಯೋಜನೆಗೆಂದು ಗುರುತಿಸಿಟ್ಟ ಜಮೀನು, ಎಂಬ ಮಾತನ್ನು ಹೊತ್ತುಕೊಂಡೇ ಬದುಕಿದರು.

ನಕ್ಷೆಯಲ್ಲಿ ಖಾಲಿ ಕಾಣುವ ಈ ಜಾಗದಲ್ಲಿ ತೆಂಗು, ಹಿಪ್ಪುನೇರಳೆ, ಬೇಬಿ ಕಾರ್ನ್ ಇದೆ. ಬೆಳಗಾದರೆ ಡೇರಿ ಮುಂದೆ ಹಾಲಿನ ಕ್ಯಾನುಗಳ ಸಾಲು. ರೇಷ್ಮೆ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಒಳ್ಳೆಯ ಪರಿಹಾರ ಸಿಕ್ಕರೆ ಭೂಮಿ ಕೊಡುತ್ತೇವೆ ಎನ್ನುವವರೂ ಇದ್ದಾರೆ, ಸತ್ತರೂ ಕೊಡೆವು ಎಂದು ಧರಣಿ ಕೂತವರೂ ಇದ್ದಾರೆ.

ಹೊಸ ಬಡಾವಣೆ ಕಟ್ಟುವುದೇ ತಪ್ಪೆಂದು ನಾನು ಹೇಳಲಾರೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದಾಗ ಬಸವನಗುಡಿ, ಮಲ್ಲೇಶ್ವರಗಳು ಬೆಳೆದು ಎಷ್ಟೋ ಜನರಿಗೆ ಗಾಳಿ-ಬೆಳಕಿನ ಮನೆ ಸಿಕ್ಕಿತು. ಆದರೆ ಅವು ಪೇಟೆಯ ಮಗ್ಗುಲಲ್ಲೇ ಇದ್ದವು. ಪೇಟೆಯ ವ್ಯಾಪಾರ, ಪೇಟೆಯ ಕಸುಬು ನಡೆದು ಹೋಗುವಷ್ಟು ಹತ್ತಿರ. ಬಿಡದಿಯ ಲೆಕ್ಕವೇ ಬೇರೆ. ಬೆಂಗಳೂರಿನ ಒತ್ತಡ ತಗ್ಗಿಸಲು ಮೂವತ್ತು ಕಿಲೋಮೀಟರ್ ಆಚೆ ಹೋದರೂ ಬೆಂಗಳೂರು ಅಲ್ಲಿಗೂ ಹರಿದು ಬರುತ್ತದೆ, ನದಿಯ ರೂಪದಲ್ಲಿ. ಬಸವನಗುಡಿಯ ದೊಡ್ಡ ಬಸವನ ಪಾದದಡಿ ಹುಟ್ಟುತ್ತಾಳೆಂದು ಜನ ನಂಬುವ ವೃಷಭಾವತಿ ಗಾಳಿ ಆಂಜನೇಯನ ಗುಡಿ ದಾಟುವಷ್ಟರಲ್ಲೇ ಮೋರಿಯಾಗಿರುತ್ತಾಳೆ. ಕೆಂಗೇರಿ ಹಾದು ಬೈರಮಂಗಲ ತುಂಬಿ, ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೂ ಇಳಿಯುತ್ತಾಳೆ.

ಕೆರೆಯ ದಂಡೆಗೆ ಉದ್ಯಾನ, ದೀಪ, ನಡಿಗೆ ಪಥ ಮಾಡಬಹುದು. ನೀರು ಸರಿಹೋಗಬೇಕಾದರೆ ಮಾತ್ರ ಕೆಲಸ ಮೇಲಿನಿಂದಲೇ ಶುರುವಾಗಬೇಕು: ಒಳಚರಂಡಿ ಕೊಳವೆ ರಾಜಕಾಲುವೆಗೆ ಬಾಯಿ ತೆರೆದಿರುವ ಒಂದೊಂದು ಜಾಗವನ್ನೂ ಹುಡುಕಿ, ಅದನ್ನು ಶುದ್ಧೀಕರಣ ಘಟಕಕ್ಕೆ ತಿರುಗಿಸಬೇಕು. ಕಾರ್ಖಾನೆಗಳು ರಾತ್ರಿ ಹೊತ್ತು ಬಿಡುವ ನೀರನ್ನು ತಡೆಯಬೇಕು. ಬೀದಿ ಬೀದಿ ಅಗೆದು ಮಾಡುವ, ವರ್ಷಗಟ್ಟಲೆ ಹಿಡಿಯುವ ಕೆಲಸವದು. ಅದಕ್ಕೆ ಶಂಕುಸ್ಥಾಪನೆಯ ಕಲ್ಲು ಹಾಕಿಸಲು ಯಾರೂ ಮುಂದೆ ಬರುವುದಿಲ್ಲ.

ಬಿಡದಿಗೆ ಸುರಿಯಲಿರುವ ಹಣದಲ್ಲಿ ಮೊದಲ ಪಾಲು ಈ ಕೊಳವೆಗಳಿಗೆ ಸಲ್ಲಲಿ. ಉಪನಗರ ಎದ್ದರೂ, ಈ ಸಲವೂ ಕಾಗದದಲ್ಲೇ ಉಳಿದರೂ, ಬೈರಮಂಗಲದವರಿಗೆ ಶುದ್ಧ ನೀರಂತೂ ಸಿಗುತ್ತದೆ.